ಬಂಡಿಜಾಡಿಗಾಗಿ ಕೊಂಡ ಡಿವಿಡಿ ರೈಟರ್

ಆ ಬುಧವಾರ ಬೆಳಿಗ್ಗೆ ಮಾಡಿದ ಕೆಲಸಗಳು ಇಷ್ಟು. ಐದಕ್ಕೆ ಎದ್ದು ನಲ್ಲಿ ನೀರು ಹಿಡಿದೆ. ನಾಲ್ಕನೆಯ ಕೊಡಕ್ಕೆ ನಿಂತುಹೋಯಿತು. ಗಂಡನ ಡಬ್ಬಿಗೆ ಚಿತ್ರಾನ್ನ ಕಲಸಿದೆ. ಅತ್ತೆಯ ಬಿ.ಪಿ. ಮಾತ್ರೆಗಳನ್ನು ಬೆಳಗಿನದು ಬೇರೆ, ಸಂಜೆಯದು ಬೇರೆ ಎಂದು ಎರಡು ಬಟ್ಟಲಿಗೆ ಹಾಕಿಟ್ಟೆ. ಹಿಂದಿನ ದಿನ ಒಣಗದೆ ಉಳಿದ ಬಟ್ಟೆಯನ್ನು ಮತ್ತೆ ಹಗ್ಗಕ್ಕೆ ಹಾಕಿದೆ. ಶಾಲೆಗೆ ಒಂದು ದಿನದ ರಜಾಚೀಟಿ ಬರೆದು ಎದುರು ಮನೆಯ ಮೇಷ್ಟರ ಕೈಯಲ್ಲಿ ಕೊಟ್ಟೆ. ಮೂರು ಸಿಡಿಗಳ ಮೇಲೆ ಗೋಂದು ಹಚ್ಚಿ ಚೀಟಿ ಅಂಟಿಸಿದೆ. ಲ್ಯಾಪ್‌ಟಾಪು, ಡಿವಿಡಿ ರೈಟರು, ಅದರ ಕೇಬಲ್ಲು, ಮಿಕ್ಕ ಖಾಲಿ ಸಿಡಿಗಳು, ಎಲ್ಲವನ್ನೂ ಚೀಲಕ್ಕೆ ತುಂಬಿ ಮೇಲೊಂದು ಟವೆಲ್ ಹೊದಿಸಿ, ನಾದಿನಿಯನ್ನು ಕರೆದುಕೊಂಡು ಎಂಟರ ಗುಂಡ್ಲುಪೇಟೆ ಬಸ್ಸು ಹತ್ತಿದೆ.

ಈ ಕಾಲದಲ್ಲಿ ಡಿವಿಡಿ ರೈಟರ್ ಕೊಳ್ಳುವವರು ಯಾರಿದ್ದಾರೆ ಎಂದು ಕೇಳಬಹುದು. ನಾನೂ ಹಾಗೇ ಕೇಳಿದ್ದೆ. ಹಾಡು ಫೋನಿನಲ್ಲಿದೆ, ಸಿನಿಮಾ ಫೋನಿನಲ್ಲಿದೆ, ನಮ್ಮ ಮದುವೆಯ ಫೋಟೊಗಳನ್ನೂ ಯಾರೋ ಪುಣ್ಯಾತ್ಮರು ಫೋನಿಗೆ ಹಾಕಿಕೊಟ್ಟಿದ್ದಾರೆ. ಅಂಥ ಕಾಲದಲ್ಲಿ ನಾನು ಹತ್ತು ದಿನ ಆ ಒಂದು ಡಬ್ಬದ ಹಿಂದೆ ಬಿದ್ದು, ಮೂರು ಬಗೆಯದನ್ನು ಹೋಲಿಸಿ, ಅಳೆದು ಸುರಿದು ಕೊಂಡೆ. ಕಾರಣ ನಾದಿನಿಯ ಬಂಡಿಜಾಡು.

ನಾದಿನಿ ಎಂದರೆ ನನ್ನ ಗಂಡನ ತಂಗಿ. ಗುಂಡ್ಲುಪೇಟೆ ದಾಟಿ ಕೇರಳ ಗಡಿಯ ಮದ್ದೂರು ಕಡೆಗೆ ಹೋದರೆ ಅವಳ ಊರು. ಗಂಡ ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ಇರುವುದು ಒಂದೂವರೆ ಎಕರೆ, ಒಂದು ಬೋರು. ಆ ಸಲ ಚೆಂಡು ಹೂವು ಹಾಕಿದ್ದಳು. ಹೊಲಕ್ಕೆ ಹೋಗುವ ಬಂಡಿಜಾಡು ಅವಳ ಗಂಡನ ದೊಡ್ಡಪ್ಪನ ಮಗನ ಹೊಲದ ಅಂಚಿನಲ್ಲಿ ಹಾಯುತ್ತದೆ. ತಮ್ಮ ಬದುಕಿರುವವರೆಗೆ ಬಾಯಿ ಮುಚ್ಚಿಕೊಂಡಿದ್ದ ಆ ಮನುಷ್ಯ, ತಮ್ಮನ ಹೆಂಡತಿ ಒಬ್ಬಳೇ ಬೆಳೆ ತೆಗೆಯುತ್ತಾಳೆ ಎಂದು ಕಂಡ ಮೇಲೆ ಜಾಡಿನ ಬಾಯಿಗೆ ಕಲ್ಲುಕಂಬ ನೆಟ್ಟು ಮುಳ್ಳುಬೇಲಿ ಹಾಕಿದ. ಕೇಳಿದರೆ, ‘ಇಲ್ಲಿ ಯಾವ್ ಕಾಲ್ದಲ್ಲೂ ಜಾಡೇ ಇರ್ನಿಲ್ಲ’ ಎಂದ. ನಾವು ಬಸ್ಸು ಹತ್ತಿದ ಆ ಬುಧವಾರಕ್ಕೆ ಹೂವು ಕೊಯ್ಲಿಗೆ ಹತ್ತು ಹನ್ನೆರಡು ದಿನವಷ್ಟೇ ಉಳಿದಿತ್ತು. ವ್ಯಾನು ಹೊಲದ ಬದಿಗೆ ಬರದಿದ್ದರೆ ಹೂವಿನ ವ್ಯಾಪಾರಿ ಆ ಕಡೆ ತಲೆಯಿಟ್ಟೂ ಮಲಗುವುದಿಲ್ಲ. ಚೀಲ ಚೀಲ ಹೂವನ್ನು ತಲೆಯ ಮೇಲೆ ಹೊತ್ತು ಅರ್ಧ ಮೈಲಿ ಸುತ್ತಿ ತರಲು ಆಳು ಸಿಗುವುದಿಲ್ಲ. ಹೂವು ಗಿಡದಲ್ಲೇ ಕೊಳೆಯುತ್ತದೆ. ಅವಳು ಗುಂಡ್ಲುಪೇಟೆಯಲ್ಲಿ ವಕೀಲರನ್ನು ಹಿಡಿದು ಕೇಸು ಹಾಕಿದ್ದು ಇದಕ್ಕೆ.

ಅವಳ ಕೈಲಿದ್ದ ಸಾಕ್ಷಿ ಒಂದೇ. ಬೋರು ಕೊರೆಸಿದ ದಿನ ಅವಳ ಗಂಡ ಫೋನಿನಲ್ಲಿ ತೆಗೆದ ವಿಡಿಯೊ. ತಮಿಳುನಾಡಿನ ಬೋರ್‌ವೆಲ್ ಲಾರಿ ಆ ಜಾಡಿನಲ್ಲೇ ರಿವರ್ಸಿನಲ್ಲಿ ಬರುತ್ತಿದೆ. ಅದರ ಹಿಂದೆ ಹಸಿರು ಟವೆಲ್ ಹೆಗಲಿಗೆ ಹಾಕಿಕೊಂಡು, ಎರಡೂ ಕೈ ಬೀಸಿ ದಾರಿ ತೋರಿಸುತ್ತಿರುವವನು ಬೇರೆ ಯಾರೂ ಅಲ್ಲ, ಈಗ ಬೇಲಿ ಹಾಕಿದ ಮಹಾನುಭಾವನೇ. ‘ಬತ್ತಾ ಇರ್ಲಿ, ಬತ್ತಾ ಇರ್ಲಿ, ಎಡಕ್ ಕಟ್ ಮಾಡು! ಜಾಗ ಬೇಕಾದಷ್ಟದ ಕಣಪ್ಪ, ಇದು ನಮ್ಮಜ್ಜನ್ ಕಾಲ್ದ ಬಂಡಿಜಾಡು, ಎರಡ್ ಲಾರಿ ಒಟ್ಗೇ ಓಯ್ತವ.’ ಅವನ ಬಾಯಿಂದಲೇ ಬಂದ ಮಾತು. ಇದಕ್ಕಿಂತ ಇನ್ನೇನು ಬೇಕು?

ಬೇಕಂತೆ. ವಕೀಲರು ಹೇಳಿದರು: ಫೋನನ್ನು ಹಿಡಿದುಕೊಂಡು ಹೋಗಿ ಜಡ್ಜರ ಮುಂದೆ ತೋರಿಸಲಾಗುವುದಿಲ್ಲ. ಸಿಡಿಯಲ್ಲಿ ಹಾಕಿ ಕೊಡಬೇಕು. ಒಂದು ಕೋರ್ಟಿಗೆ, ಒಂದು ಎದುರು ಪಾರ್ಟಿಗೆ, ಒಂದು ನಮಗೆ. ಜೊತೆಗೆ ಒಂದು ಪ್ರಮಾಣಪತ್ರ. ಯಾವ ಕಂಪ್ಯೂಟರಿನಲ್ಲಿ, ಯಾವ ಯಂತ್ರದಲ್ಲಿ, ಯಾರು ಬರೆದದ್ದು ಎಂದು ಬರೆದವರೇ ಸಹಿ ಮಾಡಬೇಕು. ಎರಡು ವಾಯಿದೆ ಆಗಲೇ ತೆಗೆದುಕೊಂಡಾಗಿದೆ, ಬರುವ ಬುಧವಾರದಾಚೆಯ ಬುಧವಾರವೇ ಕೊನೆ.

ಚಾಮರಾಜನಗರದಲ್ಲಿ ನಮ್ಮ ಮನೆಗೆ ಹತ್ತಿರದ ಸ್ಟುಡಿಯೊದವನ ಬಳಿ ಹೋದೆ. ಮಾತು ಶುರುವಾದಾಗ ಅವನದು ಬೆಣ್ಣೆಯಂಥ ಬಾಯಿ.

‘ಸಿಡಿ ತಾನೇ ಅಕ್ಕ? ನೂರ್ ಬೇಕಾದ್ರೂ ಹೊಡ್ಕೊಡ್ತೀನಿ.’

‘ಮೂರು ಸಾಕು. ಈ ಪತ್ರಕ್ಕೊಂದು ಸಹಿ ಹಾಕಪ್ಪ.’

ಪತ್ರ ಓದಿದ. ಓದುತ್ತ ಓದುತ್ತ ಮುಖ ಉದ್ದವಾಯಿತು. ‘ಕೋರ್ಟಿಂದಾ? ಬ್ಯಾಡ ಬುಡಿ ಅಕ್ಕ. ನಾಳೆ ನನ್ನೇ ಕರುದ್ರೆ? ಮದ್ವೆ ಸೀಜನ್ನು.’

ಕಂಪ್ಯೂಟರ್ ಸೆಂಟರಿನವನೂ ಅದನ್ನೇ ಹೇಳಿದ. ಜೆರಾಕ್ಸ್ ಅಂಗಡಿಯವನು ಪತ್ರವನ್ನು ಕೈಯಲ್ಲೂ ಮುಟ್ಟಲಿಲ್ಲ. ಇವರೆಲ್ಲ ಚುನಾವಣೆ ಬಂದಾಗ ಸತ್ಯ, ನ್ಯಾಯ, ಧರ್ಮ ಎಂದು ಅಂಗಡಿ ಮುಂದೆ ನಿಂತು ಭಾಷಣ ಬಿಗಿಯುವ ಜನ. ಒಂದು ಸಹಿಗೆ ಇಷ್ಟು ನಡುಗುವವರನ್ನು ನಾನು ನೋಡಿರಲಿಲ್ಲ. ಮನೆಯಲ್ಲಿ ಮಗಳು ಡಿಗ್ರಿ ಓದುವಾಗ ಕೊಂಡ ಲ್ಯಾಪ್‌ಟಾಪಿದೆ, ಒಂದು ರೈಟರ್ ತಂದರೆ ನಾನೇ ಬರೆದು ನಾನೇ ಸಹಿ ಹಾಕುತ್ತೇನೆ ಎಂದು ಆ ಸಂಜೆಯೇ ತೀರ್ಮಾನಿಸಿದೆ.

ಇಪ್ಪತ್ತೆರಡು ವರ್ಷದಿಂದ ಸರ್ಕಾರಿ ಹೈಸ್ಕೂಲಿನ ಕಚೇರಿಯಲ್ಲಿ ಗುಮಾಸ್ತೆಯಾಗಿರುವವಳು ನಾನು. ಮೂರು ಕಡೆ ವಿಚಾರಿಸದೆ ಒಂದು ಪೊರಕೆಯನ್ನೂ ಕೊಂಡವಳಲ್ಲ. ಡೈರಿಯ ಒಂದು ಹಾಳೆಗೆ ಗೆರೆ ಎಳೆದು ಹೋಲಿಸಲು ಕುಳಿತೆ.

ಮೊದಲನೆಯದು ಚಾಮರಾಜನಗರದ ದೊಡ್ಡ ಕಂಪ್ಯೂಟರ್ ಅಂಗಡಿಯದು. ನನ್ನದೇ ವಯಸ್ಸಿನ ಮಾಲೀಕರು ಸ್ಟೂಲು ಹತ್ತಿ, ಮೇಲಿನ ಹಲಗೆಯಿಂದ ತೆಳ್ಳನೆಯ ಪೆಟ್ಟಿಗೆಯೊಂದನ್ನು ಇಳಿಸಿ, ಧೂಳು ಹೊಡೆದು ನನ್ನ ಮುಂದಿಟ್ಟರು. ತಟ್ಟೆಯಿಡ್ಲಿಗಿಂತ ಸ್ವಲ್ಪ ದೊಡ್ಡದು, ತೂಕವೇ ಇಲ್ಲ. ಲ್ಯಾಪ್‌ಟಾಪಿಗೆ ವೈರು ಚುಚ್ಚಿದರೆ ಆಯಿತು.

‘ಇದು ಇಪ್ಪತ್ನಾಕು ಎಕ್ಸು ಮೇಡಂ’ ಎಂದರು.

‘ಅಂದ್ರೆ?’

‘ಇಪ್ಪತ್ನಾಕು ಪಟ್ಟು ಸ್ಪೀಡು.’

‘ಯಾವುದಕ್ಕಿಂತ ಇಪ್ಪತ್ನಾಲ್ಕು ಪಟ್ಟು?’

ಅವರು ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು. ಮತ್ತೆ ತಿರುಗಿಸಿದರು. ‘ಮಾಮೂಲಿಗಿಂತ’ ಎಂದರು.

ಮಾಮೂಲಿ ಎಂದರೆ ಎಷ್ಟು ಎಂದು ಹೇಳಲಾಗದವರು ಅದರ ಇಪ್ಪತ್ನಾಲ್ಕು ಪಟ್ಟನ್ನು ಮಾರುತ್ತಾರೆ. ಪೆಟ್ಟಿಗೆಯ ಮೇಲೆ ಒಬ್ಬ ಬಿಳಿ ಹೆಂಗಸು ಸಿಡಿಯೊಂದನ್ನು ಕೈಯಲ್ಲಿ ಹಿಡಿದು ಹಲ್ಲು ಬಿಟ್ಟುಕೊಂಡು ನಿಂತಿದ್ದಳು, ಅವಳ ಜೀವಮಾನದಲ್ಲಿ ಅಷ್ಟು ಸಂತೋಷದ ದಿನ ಬಂದೇ ಇಲ್ಲವೇನೋ ಎಂಬಂತೆ. ಒಳಗೆ ಎರಡು ತಲೆಯ ಕೇಬಲ್ ಇತ್ತು. ಎರಡು ಏಕೆ ಎಂದರೆ, ‘ಒಂದು ಸ್ಪೇರು’ ಎಂದರು ಮಾಲೀಕರು.

ಎರಡನೆಯದನ್ನು ತಂದವನು ನನ್ನ ಗಂಡ. ಬದನಗುಪ್ಪೆಯಲ್ಲಿ ಅವನು ಕೆಲಸ ಮಾಡುವ ಕಾರ್ಖಾನೆಯ ಜೊತೆಗಾರನೊಬ್ಬನ ಭಾವಮೈದ ಗುಂಡ್ಲುಪೇಟೆಯಲ್ಲಿ ಹಳೆಯ ಕಂಪ್ಯೂಟರ್ ಬಿಚ್ಚಿ ಮಾರುತ್ತಾನಂತೆ. ಅಲ್ಲಿಂದ, ಮೊದಲು ನೋಡಿ ಆಮೇಲೆ ದುಡ್ಡು ಕೊಡುತ್ತೇನೆಂದು ಹೇಳಿ, ಇಟ್ಟಿಗೆಯಂಥ ಒಂದು ಕಬ್ಬಿಣದ ಡಬ್ಬವನ್ನು ಬೈಕಿನ ಸೈಡ್ ಬ್ಯಾಗಿನಲ್ಲಿ ಹಾಕಿಕೊಂಡು ಬಂದ. ದೊಡ್ಡ ಕಂಪ್ಯೂಟರಿನ ಹೊಟ್ಟೆಯಿಂದ ಕಿತ್ತದ್ದು. ಅದನ್ನು ಲ್ಯಾಪ್‌ಟಾಪಿಗೆ ಹಾಕಲು ಬೇರೆ ಒಂದು ವೈರು, ಆ ವೈರಿಗೆ ಕರೆಂಟು ಕೊಡಲು ಬೇರೆ ಒಂದು ಡಬ್ಬ.

ಗಂಡ ಅದನ್ನು ಅಂಗೈ ಮೇಲಿಟ್ಟು ತೂಗಿದ. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದ. ಆಮೇಲೆ ಕಿವಿಯ ಹತ್ತಿರ ಹಿಡಿದು ಕುಲುಕಿದ. ಸಂತೆಯಲ್ಲಿ ತೆಂಗಿನಕಾಯಿ ಆರಿಸುವುದೂ ಹೀಗೆಯೇ. ನನ್ನ ಮದುವೆಯಾದಾಗಿನಿಂದ ಮಿಕ್ಸಿ, ಟಾರ್ಚು, ನೀರಿನ ಫಿಲ್ಟರು, ಎಲ್ಲವನ್ನೂ ಅವನು ತೆಂಗಿನಕಾಯಿಯಾಗಿಯೇ ನೋಡಿದ್ದಾನೆ.

‘ಗಟ್ಟಿ ಮಾಲು ಕಣೇ. ಆ ತೆಳ್ಗಿರೋದು ಊದುದ್ರ ಹಾರೋಯ್ತದ.’

‘ಊದೋದಕ್ಕೆ ತರ್ತಿಲ್ಲ, ಬರೆಯೋದಕ್ಕೆ.’

‘ಇದ್ರ ಮ್ಯಾಲ ನೋಡು, ನಲ್ವತ್ತೆಂಟು ಅಂತ ಅದ. ಅದು ಇಪ್ಪತ್ನಾಕು. ಡಬಲ್ಲು!’

‘ವಿಡಿಯೊ ಇರೋದೇ ನಾಲ್ಕು ನಿಮಿಷದ್ದು. ಎರಡು ನಿಮಿಷಕ್ಕೆ ಬರೆದು ಮುಗಿಸಿ ಮಿಕ್ಕ ಹೊತ್ತಲ್ಲಿ ಏನ್ ಮಾಡ್ಬೇಕು ನಾನು? ಹೊಲ ಉಳ್ಬೇಕಾ?’

‘ನಿಂಗ ಮಿಷಿನ್ನು ಅಂದ್ರ ಏನು ಅಂತ ಗೊತ್ತಿಲ್ಲ ಬುಡು’ ಎಂದು ಇನ್ನೊಂದು ಸಲ ಕುಲುಕಿದ. ಒಳಗೆ ಏನೋ ಗಲ್ ಎಂದಿತು. ಕಾಯಲ್ಲಿ ನೀರಿದೆ ಎಂಬಂತೆ ಅವನ ಮುಖ ಅರಳಿತು. ಬಿಚ್ಚಿ ಬಿದ್ದ ಸ್ಕ್ರೂ ಇರಬೇಕು ಎಂದು ನಾನು ಹೇಳಲಿಲ್ಲ. ಡೈರಿಯಲ್ಲಿ ಮಾತ್ರ ಬರೆದುಕೊಂಡೆ.

ಮೂರನೆಯದು ಆನ್‌ಲೈನಿನದು. ಬೆಲೆ ಕಡಿಮೆ, ಮೆಚ್ಚಿ ಬರೆದವರು ರಾಶಿ. ಊಟವಾದ ಮೇಲೆ ದಿನಾ ಅರ್ಧ ಗಂಟೆ ಕುಳಿತು ಆ ಮೆಚ್ಚುಗೆಗಳನ್ನು ಓದಿದೆ. ಒಬ್ಬ ಐದು ನಕ್ಷತ್ರ ಕೊಟ್ಟು, ಇನ್ನೂ ಪೆಟ್ಟಿಗೆ ಬಿಚ್ಚಿಲ್ಲ ಎಂದು ಬರೆದಿದ್ದ. ಇನ್ನೊಬ್ಬನಿಗೆ ಬಣ್ಣ ಬಹಳ ಹಿಡಿಸಿತ್ತು. ಮತ್ತೊಬ್ಬ ತನ್ನ ಕಂಪ್ಯೂಟರಿಗೆ ಇದನ್ನು ಹೇಗೆ ಚುಚ್ಚುವುದು ಎಂದು ಕೇಳಿದ್ದ, ಅದಕ್ಕೂ ನಾಲ್ಕು ನಕ್ಷತ್ರ. ಒಬ್ಬಳು ಒಂದೇ ನಕ್ಷತ್ರ ಕೊಟ್ಟಿದ್ದಳು. ಬರೆದ ಸಿಡಿ ಬೇರೆ ಕಂಪ್ಯೂಟರಿನಲ್ಲಿ ಓದುತ್ತಿಲ್ಲವಂತೆ. ಅಷ್ಟು ಜನರಲ್ಲಿ ಕೆಲಸಕ್ಕೆ ಬರುವ ಮಾತನಾಡಿದವಳು ಅವಳೊಬ್ಬಳೇ. ಉಳಿದವರ ಬಗ್ಗೆ ಬರೆಯುವುದಕ್ಕೆ ನನ್ನ ಡೈರಿಯಲ್ಲಿ ಜಾಗವಿಲ್ಲ.

ಅವಳ ಮಾತಿನಿಂದ ನನಗೆ ಹೊಳೆದದ್ದು ಇದು. ನಮ್ಮ ಮನೆಯಲ್ಲಿ ಸಿಡಿ ಎಷ್ಟು ಚೆನ್ನಾಗಿ ಬರೆಯುತ್ತದೆ ಎಂಬುದು ಮುಖ್ಯವಲ್ಲ, ಅಲ್ಲಿ ಓದುತ್ತದೋ ಇಲ್ಲವೋ ಎಂಬುದು ಮುಖ್ಯ. ವಕೀಲರಿಗೆ ಫೋನು ಮಾಡಿ, ನಿಮ್ಮ ಕಂಪ್ಯೂಟರ್ ಯಾವ ಕಾಲದ್ದು ಸಾರ್ ಎಂದು ಕೇಳಿದೆ.

‘ನನ್ ತಲೆ ಮೇಲೆ ಕೂದ್ಲಿದ್ದ ಕಾಲ್ದು ಕಣಮ್ಮ’ ಎಂದರು.

ಅಲ್ಲಿಗೆ ಮುಗಿಯಿತು. ಹಳೆಯ ಕಂಪ್ಯೂಟರ್ ಓದಬೇಕಾದರೆ ನಿಧಾನವಾಗಿ ಬರೆಯಬೇಕು ಎಂದು ನಮ್ಮ ಶಾಲೆಯ ಕಂಪ್ಯೂಟರ್ ಟೀಚರಮ್ಮ ಹೇಳಿದ್ದರು. ಡಬ್ಬದ ಮೇಲೆ ಬರೆದ ವೇಗವೆಲ್ಲ ಡಬ್ಬದ ಮೇಲೇ ಇರಲಿ. ಆನ್‌ಲೈನಿನದು ನಮ್ಮ ಪಿನ್‌ಕೋಡಿಗೆ ಬರುವಷ್ಟರಲ್ಲಿ ವಾಯಿದೆ ಮುಗಿದಿರುತ್ತದೆ. ಇಟ್ಟಿಗೆ ಡಬ್ಬವನ್ನು ವಾಪಸು ಕಳಿಸಿದೆ. ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದ. ಸ್ಟೂಲಿನ ಮೇಲಿಂದ ಇಳಿದ ತೆಳ್ಳನೆಯದನ್ನೂ ಹತ್ತು ಖಾಲಿ ಸಿಡಿಗಳನ್ನೂ ತಂದೆ.

ಮಂಗಳವಾರ ನಾದಿನಿ ಫೋನು ತೆಗೆದುಕೊಂಡು ಊರಿಂದ ಬಂದಳು. ಮೊದಲ ಸಿಡಿ ಅರ್ಧ ದಾರಿಯಲ್ಲಿ ಟಕ್ ಟಕ್ ಎಂದು ನಿಂತುಹೋಯಿತು. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಮಾಲೀಕರು ಸ್ಪೇರು ಎಂದ ಎರಡನೆಯ ತಲೆಯನ್ನೂ ಲ್ಯಾಪ್‌ಟಾಪಿಗೆ ಚುಚ್ಚಬೇಕು, ಇಲ್ಲದಿದ್ದರೆ ಯಂತ್ರಕ್ಕೆ ಕರೆಂಟು ಸಾಲದು. ತಾನು ಮಾರುವ ಸಾಮಾನಿನ ವೈರು ಯಾಕಿದೆ ಎಂದು ತಿಳಿಯದೆ ಅಷ್ಟು ವರ್ಷದಿಂದ ಅಂಗಡಿ ನಡೆಸುತ್ತಿರುವವರ ಧೈರ್ಯವನ್ನು ಮೆಚ್ಚಬೇಕು.

‘ಕೆಟ್ಟೋದ್ ಸಿಡಿನ ಬಿಸಾಕ್ಬ್ಯಾಡಿ ಅತ್ಗೆ. ಹೊಲಕ್ಕ ಕಟ್ಟುದ್ರ ಹಕ್ಕಿ ಬರಲ್ಲ’ ಎಂದು ನಾದಿನಿ ಅದನ್ನು ಬ್ಯಾಗಿಗೆ ಸೇರಿಸಿಕೊಂಡಳು.

ಎರಡೂ ತಲೆ ಚುಚ್ಚಿ, ಇದ್ದುದರಲ್ಲಿ ಅತಿ ನಿಧಾನದ ವೇಗಕ್ಕಿಟ್ಟು ಮೂರು ಸಿಡಿ ಬರೆದೆ. ಬರೆದದ್ದನ್ನೆಲ್ಲ ಪೂರ್ತಿ ಹಾಕಿ ನೋಡಿದೆ. ವಿಡಿಯೊದ ಕೊನೆಯಲ್ಲಿ ಫೋನು ಹಿಡಿದವನ ದನಿ ಬರುತ್ತದೆ: ‘ಅಣ್ಣ, ಅಂಗೇ ನಿಂತ್ಕೊ, ಮುಖ ಬೀಳ್ಲಿ.’ ಆಮೇಲೆ ಒಂದು ಸಣ್ಣ ಕೆಮ್ಮು. ಮೂರನೆಯ ಸಲ ಅದು ಬರುವ ಹೊತ್ತಿಗೆ ನಾದಿನಿ ಎದ್ದು ಹಿತ್ತಿಲಿಗೆ ಹೋಗಿ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ದನಿ ನಿಲ್ಲಿಸಿ ನೋಡುವಷ್ಟು ಬುದ್ಧಿ ನನಗೆ ಇರಲಿಲ್ಲ. ಅಂಗಡಿಯವರಿಗೆ ಬುದ್ಧಿ ಹೇಳುವುದಕ್ಕೆ ಮಾತ್ರ ಮುಂದು.

ಪ್ರಮಾಣಪತ್ರ ತುಂಬಲು ಕುಳಿತೆ. ಲ್ಯಾಪ್‌ಟಾಪಿನ ನಂಬರು, ರೈಟರಿನ ನಂಬರು, ಅದು ಯಾರ ವಶದಲ್ಲಿದೆ, ಬರೆಯುವಾಗ ಸರಿಯಾಗಿ ಕೆಲಸ ಮಾಡುತ್ತಿತ್ತೋ ಇಲ್ಲವೋ. ನನ್ನ ಜಾತಕ ಬರೆಸುವಾಗಲೂ ನಮ್ಮಪ್ಪನನ್ನು ಯಾರೂ ಇಷ್ಟು ಕೇಳಿರಲಿಲ್ಲ. ನಾನು ಅದರಲ್ಲಿ ಮುಳುಗಿರುವಾಗ ಅತ್ತೆ ದೇವರ ಗೂಡಿನ ಮುಂದಿನಿಂದ ಕೂಗಿದರು.

‘ಕೂಸು, ಒಸ ಸಾಮಾನು ಮನ್ಗ ಬಂದದ, ಪೂಜ ಮಾಡ್ದೇ ಕೆಲ್ಸಕ್ಕ ಅಚ್ಬುಟ್ರಾ?’

‘ಮಾಡಿ ಅತ್ತೆ’ ಎಂದೆ, ತಲೆ ಎತ್ತದೆ. ಯಂತ್ರದ ಮುಚ್ಚಳಕ್ಕೆ ಒಂದು ಬೊಟ್ಟು ಇಟ್ಟರೆ ಯಾರಿಗೇನು ನಷ್ಟ?

‘ಜಡ್ಜುಂತಾವ್ಕ ಓಗೋದು ಯಾವ್ದಮ್ಮಿ?’ ಎಂದು ಅತ್ತೆ ನಾದಿನಿಯನ್ನು ಕೇಳಿದ್ದೂ, ‘ಮ್ಯಾಲಿರೋದು ಕಣವ್ವ’ ಎಂದು ಅವಳು ಹೇಳಿದ್ದೂ ನನ್ನ ಕಿವಿಗೆ ಬಿತ್ತು. ಮನಸ್ಸಿಗೆ ಬೀಳಲಿಲ್ಲ.

ಮಾರನೆಯ ದಿನ ಗುಂಡ್ಲುಪೇಟೆಯಲ್ಲಿ ವಕೀಲರ ಕೋಣೆ ಸೇರಿದಾಗ ಒಂಬತ್ತೂಮುಕ್ಕಾಲು. ಹನ್ನೊಂದಕ್ಕೆ ಕೋರ್ಟು ಕೂರುತ್ತದೆ. ವಕೀಲರು ಮೊದಲ ಸಿಡಿಯನ್ನು ತಮ್ಮ ಕಂಪ್ಯೂಟರಿಗೆ ಹಾಕಿದರು. ಅದು ಮುಲುಗಿತು, ಸುಮ್ಮನಾಯಿತು, ಮತ್ತೆ ಮುಲುಗಿತು. ಪರದೆಯ ಮೇಲೆ ಏನೂ ಇಲ್ಲ. ಸಿಡಿಯನ್ನು ಹೊರಗೆ ತೆಗೆದು ತಿರುಗಿಸಿದರು. ಹೊಳೆಯುವ ಮೈಯ ಮೇಲೆ ಅಡ್ಡಲಾಗಿ ಮೂರು ಗೆರೆ ವಿಭೂತಿ. ನಡುವಿನ ತೂತಿನ ಪಕ್ಕ ಒಂದು ಕುಂಕುಮದ ಬೊಟ್ಟು.

‘ಏನಮ್ಮ ಇದು, ಸಾಕ್ಷಿನೋ, ಪ್ರಸಾದನೋ?’

ಅತ್ತೆಯ ಲೆಕ್ಕ ಸರಿಯಾಗಿಯೇ ಇತ್ತು. ಕನ್ನಡಿಯಂತೆ ಮುಖ ಕಾಣುವ ಕಡೆಯೇ ಮುಖ ತಾನೇ? ಮುಖಕ್ಕೆ ಇಡದೆ ಬೆನ್ನಿಗೆ ಇಡುತ್ತಾರೆಯೇ ವಿಭೂತಿಯನ್ನು? ನಾನು ಬೇಡ ಎನ್ನುವಷ್ಟರಲ್ಲಿ ನಾದಿನಿ ಅದನ್ನು ಕಿತ್ತುಕೊಂಡು ಸೆರಗಿನಲ್ಲಿ ಗಸಗಸ ಉಜ್ಜಿದಳು. ಕಬ್ಬಿಣದ ಬಾಣಲಿ ತಿಕ್ಕಿದಂತೆ ಸುತ್ತಲೂ ಗೀರು ಬಿತ್ತು.

‘ಹೋಗ್ಲಿ, ಇನ್ನೆರಡು ಇವೆ’ ಎಂದು ನಾನು ಗಾಂಭೀರ್ಯದಿಂದ ಎರಡನೆಯದನ್ನು ಕೊಟ್ಟೆ. ಒಳಗೆ ಅತ್ತೆಯ ಮೇಲೆ ಒಂದಿಷ್ಟು ತಾತ್ಸಾರವೇ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಓದದ ಮುದುಕಿ, ಏನು ತಿಳಿಯುತ್ತದೆ ಎಂದು.

ಎರಡನೆಯದು ಒಳಗೆ ಹೋಗಿ ತಿರುಗಲು ಶುರುವಾದದ್ದೇ ತಡ, ಕಂಪ್ಯೂಟರಿನ ಹೊಟ್ಟೆಯಲ್ಲಿ ಕಲ್ಲು ಬೀಸಿದಂತೆ ಗರಗರ ಸದ್ದು. ಮೇಜು ಅದುರಿತು. ವಕೀಲರು ಗುಂಡಿ ಒತ್ತಿದರು. ತಟ್ಟೆ ಹೊರಗೆ ಬರಲಿಲ್ಲ. ಮತ್ತೆ ಒತ್ತಿದರು. ಬರಲಿಲ್ಲ. ನನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನು ನೆಟ್ಟಗೆ ಮಾಡಿ, ಮುಂದಿನ ಸಣ್ಣ ತೂತಿಗೆ ಚುಚ್ಚಿ ತಟ್ಟೆಯನ್ನು ಹೊರಗೆಳೆದರೆ, ನಾನು ಬೆಳಿಗ್ಗೆ ಗೋಂದು ಹಚ್ಚಿ ಅಂಟಿಸಿದ ಚೌಕ ಚೀಟಿ ಅರ್ಧ ಎದ್ದು ಒಳಗೆ ಸುರುಳಿಯಾಗಿ ಸಿಕ್ಕಿಕೊಂಡಿತ್ತು.

‘ಇದನ್ ಅಂಟಿಸ್ದೋರ್ಯಾರು?’ ವಕೀಲರು ಕೇಳಿದರು.

ನಾನೇ. ನಮ್ಮ ಕಚೇರಿಯಲ್ಲಿ ನಂಬರಿನ ಚೀಟಿ ಅಂಟಿಸದ ವಸ್ತು ಇಲ್ಲ. ಕುರ್ಚಿ, ಬೀರು, ಗ್ಲೋಬು, ಗಂಟೆ ಹೊಡೆಯುವ ಕೊಡತಿ, ಎಲ್ಲಕ್ಕೂ ನನ್ನ ಕೈಬರಹದ ಚೀಟಿ ಇದೆ. ಮೂರು ಸಿಡಿಗೂ ದಾವೆ ನಂಬರು, ವಾದಿ, ಪ್ರತಿವಾದಿ ಎಂದು ಮುದ್ದಾಗಿ ಬರೆದು, ನಾಲ್ಕು ಮೂಲೆಗೂ ಗೋಂದು ಬಳಿದು, ಒದ್ದೆಯಿರುವಾಗಲೇ ಒಂದರ ಮೇಲೊಂದು ಪೇರಿಸಿಕೊಂಡು ಬಂದಿದ್ದೆ. ಗರಗರ ತಿರುಗುವ ವಸ್ತುವಿನ ಒಂದು ಮಗ್ಗುಲಿಗೆ ಕಾಗದ ಹೇರಬಾರದು ಎಂದು ಯಾರಾದರೂ ಹೇಳಬೇಕಿತ್ತೆ? ಅಂಗಡಿಯವರಿಂದ ಹಿಡಿದು ನಕ್ಷತ್ರ ಕೊಟ್ಟವರವರೆಗೆ ಎಲ್ಲರ ದಡ್ಡತನಕ್ಕೂ ಡೈರಿಯಲ್ಲಿ ಒಂದೊಂದು ಸಾಲು ಬರೆದವಳು ನಾನು.

ನಾದಿನಿ ಚೀಟಿಯ ಚೂರನ್ನು ನೋಡಿದಳು, ನನ್ನನ್ನು ನೋಡಿದಳು. ‘ನಮ್ಮವ್ವನ್ ವಿಬೂತಿನೇ ವಾಸಿ ಅತ್ಗೆ. ಅದು ಸದ್ದಾರೂ ಮಾಡ್ನಿಲ್ಲ.’

ವಕೀಲರು ಗಡಿಯಾರ ನೋಡಿದರು. ಹತ್ತೂಕಾಲು. ಚೀಲದಿಂದ ಲ್ಯಾಪ್‌ಟಾಪು, ರೈಟರು ತೆಗೆದು ಅವರ ಮೇಜಿನ ಮೇಲಿಟ್ಟು, ಎರಡೂ ತಲೆ ಚುಚ್ಚಿ, ಹೊಸದಾಗಿ ಮೂರು ಬರೆಯಲು ಕುಳಿತೆ. ‘ಜೋರಾಗ್ ಬರೀರಿ ಅತ್ಗೆ, ಇಪ್ಪತ್ನಾಕು ಅದ ಅಂದಿದ್ರಲ್ಲ’ ಎಂದು ನಾದಿನಿ ಬೆನ್ನಿಗೆ ನಿಂತು ಅವಸರಿಸಿದಳು. ಅವಳಿಗೆ ಪ್ರತಿ ನಿಮಿಷವೂ ಹೂವಿನ ಸಾಲಿನಂತೆ ಕಾಣುತ್ತಿತ್ತು. ನಾನು ನಿಧಾನದ ವೇಗವನ್ನು ಬದಲಿಸಲಿಲ್ಲ. ಒಂದೊಂದಕ್ಕೂ ಐದು ನಿಮಿಷ. ವಕೀಲರು ಹಳೆಯ ಪ್ರಮಾಣಪತ್ರ ಹರಿದು, ಆ ದಿನದ ತಾರೀಕು ಹಾಕಿ ಬೇರೆ ಟೈಪು ಮಾಡಿದರು, ನಾನು ಸಹಿ ಹಾಕಿದೆ. ಚೀಟಿ ಅಂಟಿಸಲಿಲ್ಲ. ಅವರ ಮಾರ್ಕರ್ ಪೆನ್ನಿನಿಂದ ಮೇಲ್ಮೈಯಲ್ಲಿ ನಂಬರು ಬರೆದೆ. ಹನ್ನೊಂದಕ್ಕೆ ಎಂಟು ನಿಮಿಷ ಇರುವಾಗ ಅವರ ಕೂದಲಿದ್ದ ಕಾಲದ ಕಂಪ್ಯೂಟರಿನಲ್ಲಿ ಸಿಡಿ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಆಮೇಲೆ ಕೋಣೆ ತುಂಬ ಆ ದೊಡ್ಡ ಗಂಟಲು: ‘ಬತ್ತಾ ಇರ್ಲಿ, ಬತ್ತಾ ಇರ್ಲಿ!’

ನಾದಿನಿ ನನ್ನ ಭುಜ ಹಿಡಿದುಕೊಂಡಳು. ಕೊನೆಯ ಕೆಮ್ಮು ಬರುವ ಮೊದಲೇ ನಾನು ದನಿ ನಿಲ್ಲಿಸಿದೆ.

ಒಂದು ಸಿಡಿ ಕೋರ್ಟಿಗೆ ಸೇರಿತು. ಇನ್ನೊಂದನ್ನು ಎದುರು ಪಾರ್ಟಿಯ ವಕೀಲರಿಗೆ ಕೊಟ್ಟರು. ಅವರು ಚಿಕ್ಕ ವಯಸ್ಸಿನವರು, ಹೊಳೆಯುವ ಲ್ಯಾಪ್‌ಟಾಪು. ಸಿಡಿಯನ್ನು ಹಿಡಿದುಕೊಂಡು ಲ್ಯಾಪ್‌ಟಾಪಿನ ನಾಲ್ಕೂ ಮಗ್ಗುಲು ನೋಡಿದರು. ‘ಇದನ್ನ ಎಲ್ಲಿಗೆ ಹಾಕ್ಲಿ ಸಾರ್?’ ನಮ್ಮ ವಕೀಲರಿಗೆ ಆ ವರ್ಷದ ಹಬ್ಬವೆಲ್ಲ ಒಟ್ಟಿಗೆ ಬಂದಂತಾಯಿತು. ‘ಬನ್ನಿ, ಇವರತ್ರನೇ ಮಿಷಿನ್ನದೆ. ನಿಮ್ಮ ಪಾರ್ಟಿನೂ ಕರ್ಕೊಂಡೇ ಬನ್ನಿ’ ಎಂದರು.

ಅವನು ಬಂದ. ಅದೇ ಹಸಿರು ಟವೆಲ್ಲು, ಸ್ವಲ್ಪ ಮಾಸಿತ್ತು. ನನ್ನ ರೈಟರಿಗೆ ಅವರ ಸಿಡಿ ಹಾಕಿ ನಾನೇ ಒತ್ತಿದೆ. ಪರದೆಯ ಮೇಲೆ ಲಾರಿ ಬಂತು. ಅವನು ಬಂದ. ಕೈ ಬೀಸಿದ. ಅಜ್ಜನ ಕಾಲದ ಬಂಡಿಜಾಡು ಎಂದ. ಎರಡು ಲಾರಿ ಒಟ್ಟಿಗೆ ಹೋಗುತ್ತವೆ ಎಂದ. ಮುಗಿದ ಮೇಲೆ ಅವನು ಟವೆಲ್ಲನ್ನು ಹೆಗಲಿನಿಂದ ತೆಗೆದು ಮಡಚಿ ಕೈಯಲ್ಲಿಟ್ಟುಕೊಂಡ.

‘ಆ ಟವಲ್ಲು ನಂದಲ್ಲ’ ಎಂದ.

ಅವನ ವಕೀಲರು ಅವನನ್ನು ಒಂದು ಸಲ ನೋಡಿ, ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಹೋದರು. ಹತ್ತು ನಿಮಿಷಕ್ಕೆ ವಾಪಸು ಬಂದವನು ನೆಲ ನೋಡುತ್ತ ಹೇಳಿದ: ‘ನಮ್ ಮನೆ ಕೂಸು, ಕಷ್ಟ ಯಾಕ. ಬೇಲಿ ತಗಿಸ್ತೀನಿ, ಹೂವ ಸಾಗಿಸ್ಕಳ್ಲಿ.’

‘ಬರ್ದುಕೊಡಿ ಬಾವ’ ಎಂದಳು ನಾದಿನಿ.

‘ಬಾಯಲ್ಲೇಳುದ್ರ ಸಾಲ್ದಾ?’

‘ಬಾಯಲ್ಲೇಳುದ್ದ ಈಗ್ ತಾನೇ ನೋಡುದ್ವಲ್ಲ.’

ಬರೆದುಕೊಟ್ಟ. ಅಂದೇ ಬೇಲಿ ತೆಗೆಯುವುದಾಗಿಯೂ, ಕೇಸು ಮುಗಿಯುವವರೆಗೆ ಜಾಡಿಗೆ ಅಡ್ಡ ಬರುವುದಿಲ್ಲವೆಂದೂ ಕೋರ್ಟಿಗೆ ಒಪ್ಪಿಗೆಪತ್ರ ಸಲ್ಲಿಸಿದರು. ಕೇಸು ಮುಗಿಯಲಿಲ್ಲ, ಮುಂದಿನ ವಾಯಿದೆ ಬಿತ್ತು. ಆದರೆ ಹೂವು ಉಳಿಯಿತು. ನಾದಿನಿಗೆ ಮಾತ್ರ ನಂಬಿಕೆ ಬರಲಿಲ್ಲ. ‘ಕಣ್ಣಾರೆ ನೋಡನ ಬನ್ನಿ ಅತ್ಗೆ’ ಎಂದು ನನ್ನನ್ನೂ ಊರಿಗೆ ಎಳೆದುಕೊಂಡು ಹೋದಳು. ರಾತ್ರಿ ಅಲ್ಲೇ ಉಳಿಯುತ್ತೇನೆಂದು ಗಂಡನಿಗೆ ಬಸ್ಸಿನಿಂದ ಫೋನು ಮಾಡಿದೆ. ‘ಆ ತೆಳ್ಗಿರೋದು ಕೆಲ್ಸ ಮಾಡ್ತಾ?’ ಎಂದು ಮಾತ್ರ ಕೇಳಿದ.

ಸಂಜೆ ಹೊಲದ ಹತ್ತಿರ ಹೋದಾಗ ಅವನು ಮುಳ್ಳನ್ನು ಕವೆಗೋಲಿನಿಂದ ಎಳೆದು ಬದಿಗೆ ಹಾಕುತ್ತಿದ್ದ. ಮುಳ್ಳೆಲ್ಲ ತೆಗೆದ ಮೇಲೂ ಎರಡು ಕಲ್ಲುಕಂಬಗಳಲ್ಲಿ ಒಂದನ್ನು ಹಾಗೇ ಬಿಟ್ಟು ಕೈ ಒರೆಸಿಕೊಂಡ. ಆಟೊ ನುಗ್ಗಬಹುದು, ವ್ಯಾನು ನುಗ್ಗಲಾರದು, ಅಷ್ಟು ಸರಿಯಾಗಿ ಬಿಟ್ಟಿದ್ದ. ಸಣ್ಣತನವನ್ನೂ ಅಳತೆ ಹಿಡಿದು ಮಾಡುವವರಿದ್ದಾರೆ. ನಾದಿನಿ ಕೂಗಾಡಲಿಲ್ಲ. ಆ ಕಂಬದ ಪಕ್ಕ ಹೋಗಿ ಕುಕ್ಕರಗಾಲಲ್ಲಿ ಕುಳಿತಳು.

‘ಇನ್ಯಾಕಮ್ಮಿ ಕೂತಿದ್ದೈ? ತಗ್ದಾಯ್ತಲ್ಲ.’

‘ಎರಡ್ ಲಾರಿ ಒಟ್ಗೇ ಓಗ್ಬೇಕಲ್ಲ ಬಾವ. ಕಾಯ್ತಿನಿ.’

ಅವನು ನನ್ನ ಕಡೆ ನೋಡಿದ. ನನ್ನ ಹೆಗಲಲ್ಲಿದ್ದ ಚೀಲದ ಕಡೆ ನೋಡಿದ, ಒಳಗೆ ಇನ್ನೂ ಏನೇನು ಇದೆಯೋ ಎಂಬಂತೆ. ಆಮೇಲೆ ಹಾರೆ ತರಲು ಹೋದ. ಕಂಬ ಬುಡಸಹಿತ ಅಲುಗಿ ಮಗ್ಗುಲಾಗುವವರೆಗೆ ಅವಳು ಎದ್ದೇಳಲಿಲ್ಲ. ಆಮೇಲೆ ಕಾಲಿನಿಂದ ಆ ಗುಳಿಗೆ ಮಣ್ಣು ತಳ್ಳಿ, ತುಳಿದು ತುಳಿದು ಸಮ ಮಾಡಿದಳು. ಅದಕ್ಕೆ ನಾನೂ ಸೇರಿದೆ.

ಮನೆಗೆ ಬಂದು ನಾನು ಒಲೆ ಹಚ್ಚಿದೆ. ರಾಗಿಮುದ್ದೆ, ಕೀರೆಸೊಪ್ಪಿನ ಉಪ್ಸಾರು, ಹಸಿಮೆಣಸಿನಕಾಯಿ ಕಾರ. ಮೊಸರು ಇರಲಿಲ್ಲ. ನಾದಿನಿ ಎರಡು ಮುದ್ದೆ ಉಂಡಳು. ಜಾಡಿಗೆ ಬೇಲಿ ಹಾಕಿದಾಗಿನಿಂದ ಅವಳು ಒಂದು ಮುದ್ದೆ ಪೂರ್ತಿ ಉಂಡದ್ದನ್ನೂ ನಾನು ಕಂಡಿರಲಿಲ್ಲ. ತಟ್ಟೆ ತೊಳೆದುಕೊಂಡು ಬರುವಷ್ಟರಲ್ಲಿ ಗೋಡೆಗೆ ಒರಗಿದ್ದವಳು ಹಾಗೇ ಚಾಪೆಗೆ ಜಾರಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ನಾನು ಆಮೇಲೆ ಮಲಗಿದೆ.